ವೀರಣ್ಣ, ಈರಣ್ಣ ಒಬ್ಬರೇ ಅಂತ ಕಂಪ್ಯೂಟರ್‌ಗೆ ಹೇಳಿಕೊಡುವುದು ಹೇಗೆ?

ಪ್ರಶ್ನೆ: ನಾನು ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಸದಸ್ಯರ ಎರಡು ಪಟ್ಟಿಗಳಿವೆ. ಹಳೆಯ ಷೇರು ಪುಸ್ತಕ ನೋಡಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರಲ್ಲಿ 4,200 ಹೆಸರುಗಳಿವೆ. ಇನ್ನೊಂದು ಇತ್ತೀಚಿನದು. ಇಂಗ್ಲಿಷ್‌ನಲ್ಲಿದ್ದುದನ್ನು ಕಂಪ್ಯೂಟರ್ ಮೂಲಕ ಕನ್ನಡಕ್ಕೆ ತಿರುಗಿಸಿದ್ದು, ಅದರಲ್ಲಿ 3,900 ಹೆಸರುಗಳಿವೆ. ಎಕ್ಸೆಲ್‌ನಲ್ಲಿ ವಿಲುಕಪ್ (ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ) ಹಾಕಿದರೆ ಅರ್ಧದಷ್ಟೂ ಹೊಂದುತ್ತಿಲ್ಲ. ಒಂದು ಕಡೆ ವೀರಣ್ಣ, ಇನ್ನೊಂದು ಕಡೆ ಈರಣ್ಣ. ಉಚ್ಚಾರ ನೋಡಿ ಹೆಸರು ಹೊಂದಿಸುವ ಸೌಂಡೆಕ್ಸ್ ಅಂತ ಒಂದು ವಿಧಾನ ಇದೆಯಂತೆ, ಅದು ಕನ್ನಡಕ್ಕೆ ಆಗುತ್ತದೆಯಾ? ನನಗೆ ಪ್ರೋಗ್ರಾಮಿಂಗ್ ಸ್ವಲ್ಪ ಮಾತ್ರ ಗೊತ್ತು.

ಉತ್ತರ: ಸೌಂಡೆಕ್ಸ್ ಇದ್ದ ಹಾಗೇ ಕನ್ನಡಕ್ಕೆ ಆಗುವುದಿಲ್ಲ. ಆದರೆ ಅದರ ಹಿಂದಿರುವ ಉಪಾಯ ಕನ್ನಡಕ್ಕೆ ತುಂಬಾ ಚೆನ್ನಾಗಿ ಒಗ್ಗುತ್ತದೆ. ಇಂಗ್ಲಿಷ್‌ಗಿಂತ ಚೆನ್ನಾಗಿ ಅಂತಲೇ ಹೇಳುತ್ತೇನೆ. ಯಾಕಂದರೆ ನಮ್ಮಲ್ಲಿ ಬರೆಯುವುದಕ್ಕೂ ಉಚ್ಚಾರಕ್ಕೂ ಅಂತರ ಕಡಿಮೆ. ಹೆಸರು ಯಾವ್ಯಾವ ರೀತಿ ಬದಲಾಗುತ್ತದೆ ಅನ್ನುವುದು ನಿಮಗೆ ಆಗಲೇ ಗೊತ್ತಿದೆ. ಕೌಂಟರಿನಲ್ಲಿ ಕೂತು ದಿನಾ ಕೇಳಿಸಿಕೊಳ್ಳುತ್ತೀರಲ್ಲ, ಅದನ್ನೇ ಕಂಪ್ಯೂಟರ್‌ಗೆ ನಿಯಮಗಳಾಗಿ ಬರೆದು ಕೊಡಬೇಕು.

ವಿಲುಕಪ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಕೊನೆಯಲ್ಲಿ ಫಾಲ್ಸ್ ಬದಲು ಟ್ರೂ ಹಾಕಿದರೆ ಹತ್ತಿರದ ಹೆಸರು ಹುಡುಕಿಕೊಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಆ ಹೆಸರಿಗಿಂತ ಹಿಂದೆ ಬರುವ ಸಾಲನ್ನು ಹಿಡಿದು ಕೊಡುತ್ತದೆ ಅಷ್ಟೇ. ಹೆಸರುಗಳ ವಿಷಯದಲ್ಲಿ ಅದನ್ನು ಬಳಸಲೇಬೇಡಿ, ಒಬ್ಬರ ಸಾಲ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಈಗ ಸೌಂಡೆಕ್ಸ್. ಇದು ಕಂಪ್ಯೂಟರ್‌ಗಿಂತ ಹಳೆಯದು. ಅಮೆರಿಕದ ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಲ್ಲಿನ ಜನಗಣತಿಯ ಕಾರ್ಡುಗಳನ್ನು ಹುಡುಕಲು ಮುಂದೆ ಇದು ಬಳಕೆಗೆ ಬಂತು. ವಿಧಾನ ಸರಳ. ಹೆಸರಿನ ಮೊದಲ ಅಕ್ಷರ ಹಾಗೇ ಇಟ್ಟುಕೊಳ್ಳುತ್ತದೆ. ಸ್ವರಗಳನ್ನು ಬಿಡುತ್ತದೆ. ಉಳಿದ ವ್ಯಂಜನಗಳಿಗೆ ಗುಂಪಿನ ನಂಬರ್ ಕೊಡುತ್ತದೆ. ಬಿ, ಎಫ್, ಪಿ, ವಿ ಒಂದೇ ಗುಂಪು, ನಂಬರ್ 1. ಕೆ, ಜಿ, ಎಸ್, ಎಕ್ಸ್ ಥರದವು 2. ಟಿ, ಡಿ 3. ಎಲ್ 4. ಎಮ್, ಎನ್ 5. ಆರ್ 6. ಒಂದೇ ನಂಬರ್ ಪಕ್ಕಪಕ್ಕ ಬಂದರೆ ಒಮ್ಮೆ ಮಾತ್ರ, ಅಂಕಿ ಕಡಿಮೆ ಬಿದ್ದರೆ ಸೊನ್ನೆ. ಕೊನೆಗೆ ಒಂದು ಅಕ್ಷರ, ಮೂರು ಅಂಕಿ ಉಳಿಯುತ್ತವೆ. ಸ್ಮಿತ್ ಅನ್ನು ಐ ಹಾಕಿ ಬರೆದರೂ ವೈ ಹಾಕಿ ಬರೆದರೂ ಎಸ್530 ಬರುತ್ತದೆ. ಲಕ್ಷ್ಮಿಯನ್ನು ಇಂಗ್ಲಿಷ್‌ನಲ್ಲಿ ಕೆಎಸ್‌ಎಚ್ ಹಾಕಿ ಬರೆಯಿರಿ, ಎಕ್ಸ್ ಹಾಕಿ ಬರೆಯಿರಿ, ಎರಡಕ್ಕೂ ಎಲ್250.

ಇಷ್ಟು ನೋಡಿದರೆ ನಮ್ಮ ಹೆಸರುಗಳನ್ನು ಇಂಗ್ಲಿಷ್‌ನಲ್ಲಿಟ್ಟುಕೊಂಡೇ ಕೆಲಸ ಮುಗಿಸಬಹುದು ಅನ್ನಿಸುತ್ತದೆ, ಅಲ್ವಾ? ಬಸಪ್ಪ ತಗೊಳ್ಳಿ. ಬಿ, ಆಮೇಲೆ ಎಸ್‌ಗೆ 2, ಎರಡು ಪಿ ಸೇರಿ ಒಂದು 1. ಬಿ210. ಈಗ ಬಸವ್ವ. ಬಿ, ಎಸ್‌ಗೆ 2, ಎರಡು ವಿ ಸೇರಿ ಒಂದು 1. ಇದೂ ಬಿ210. ಗಂಡ ಹೆಂಡತಿ ಇಬ್ಬರೂ ಒಂದೇ ಆಗಿಬಿಟ್ಟರು. ಮಲ್ಲಪ್ಪ, ಮಲ್ಲವ್ವ ಕೂಡ ಹಾಗೇ, ಇಬ್ಬರಿಗೂ ಎಮ್410. ಅದೇ ನಿಮ್ಮ ವೀರಣ್ಣನಿಗೆ ವಿ650, ಈರಣ್ಣನಿಗೆ ಇ650. ಮೊದಲ ಅಕ್ಷರ ಬೇರೆ ಆದ್ದರಿಂದ ಇವರಿಬ್ಬರು ಎಂದಿಗೂ ಸೇರುವುದಿಲ್ಲ. ಸೇರಬೇಕಾದವರು ದೂರ, ಸೇರಬಾರದವರು ಒಟ್ಟಿಗೆ. ಆ ಗುಂಪುಗಳನ್ನು ಇಂಗ್ಲಿಷ್ ಮಾತಾಡುವವರ ಮನೆತನದ ಹೆಸರುಗಳಿಗೆ ಅಂತ ಮಾಡಿದ್ದು, ನಮ್ಮ ಹೆಸರಿನ ಬಾಲಗಳು ಅವರಿಗೆ ಗೊತ್ತಿರಲಿಲ್ಲ.

ಇನ್ನು ಕನ್ನಡ ಲಿಪಿಯ ಹೆಸರನ್ನೇ ಡೇಟಾಬೇಸ್‌ನ ಸೌಂಡೆಕ್ಸ್‌ಗೆ ಕೊಟ್ಟರೆ? ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನ ಕೈಪಿಡಿಯಲ್ಲಿ ಎ ಇಂದ ಝಡ್‌ವರೆಗಿನ ಅಕ್ಷರ ಬಿಟ್ಟು ಬೇರೆಯವನ್ನೆಲ್ಲ ಸ್ವರ ಅಂತ ಲೆಕ್ಕ ಹಾಕುತ್ತದೆ ಎಂದೇ ಬರೆದಿದೆ. ಅಂದರೆ ನಿಮ್ಮ ಇಡೀ ಪಟ್ಟಿ ಸ್ವರವೇ. ಅದರಿಂದ ಏನೂ ಸಿಗುವುದಿಲ್ಲ.

ಎರಡನೆಯ ದಾರಿ ಅಕ್ಷರ ಎಣಿಸುವುದು. ಒಂದು ಪದವನ್ನು ಇನ್ನೊಂದು ಪದ ಮಾಡಲು ಕನಿಷ್ಠ ಎಷ್ಟು ಕಡೆ ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವ ಲೆಕ್ಕ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಅದಕ್ಕೆ ಒಂದು ವರ್ಷ ಮುಂಚೆ ಫ್ರೆಡೆರಿಕ್ ಡ್ಯಾಮರೋ ಇಂಗ್ಲಿಷ್ ಕಾಗುಣಿತ ತಪ್ಪುಗಳನ್ನು ಪರೀಕ್ಷಿಸಿ, 100ರಲ್ಲಿ 80ಕ್ಕಿಂತ ಜಾಸ್ತಿ ತಪ್ಪುಗಳು ಒಂದೇ ಒಂದು ಅಕ್ಷರದವು ಅಂತ ತೋರಿಸಿದರು. ಒಂದಕ್ಷರ ಬಿಟ್ಟುಹೋಗಿರುತ್ತದೆ, ಜಾಸ್ತಿ ಬಿದ್ದಿರುತ್ತದೆ, ಬೇರೆ ಆಗಿರುತ್ತದೆ, ಇಲ್ಲವೇ ಪಕ್ಕದ ಎರಡಕ್ಷರ ಹಿಂದುಮುಂದಾಗಿರುತ್ತವೆ. ಆದ್ದರಿಂದ ಇಂಗ್ಲಿಷ್‌ನಲ್ಲಿ ಅಂತರ 1 ಇದ್ದರೆ ಧೈರ್ಯವಾಗಿ ಸೇರಿಸಿಬಿಡುತ್ತಾರೆ.

ಕನ್ನಡದಲ್ಲಿ ಈ ಧೈರ್ಯ ಬೇಡ. ಕಂಪ್ಯೂಟರ್ ನಮ್ಮ ಹಾಗೆ ಅಕ್ಷರ ನೋಡುವುದಿಲ್ಲ. ಅದಕ್ಕೆ ವೀ ಅಂದರೆ ಎರಡು ತುಂಡು, ವ ಒಂದು, ಅದರ ಗುಣಿತ ಚಿಹ್ನೆ ಒಂದು. ಪ್ಪ ಅಂದರೆ ಮೂರು ತುಂಡು, ಪ, ಸ್ವರ ಇಲ್ಲ ಅಂತ ಹೇಳುವ ವಿರಾಮ ಚಿಹ್ನೆ, ಮತ್ತೆ ಪ. ಈಗ ಎಣಿಸಿ. ವೀರಣ್ಣನನ್ನು ಈರಣ್ಣ ಮಾಡಲು ಒಂದು ತುಂಡು ಬದಲಿಸಿ ಒಂದನ್ನು ತೆಗೆಯಬೇಕು, ಅಂತರ 2. ಬಸಪ್ಪನನ್ನು ಬಸಮ್ಮ ಮಾಡಲು ಎರಡು ಪ ಬದಲಿಸಬೇಕು, ಅದೂ 2. ಇನ್ನು ಕೃಷ್ಣಪ್ಪ, ಕ್ರಿಷ್ಣಪ್ಪ. ಯಾರು ನೋಡಿದರೂ ಒಬ್ಬನೇ ಅನ್ನುತ್ತಾರೆ. ಆದರೆ ಕಂಪ್ಯೂಟರ್ ಲೆಕ್ಕದಲ್ಲಿ ಅಂತರ 3. ಅಂದರೆ ಅದರ ಕಣ್ಣಿಗೆ ಕೃಷ್ಣಪ್ಪನಿಗೆ ಕ್ರಿಷ್ಣಪ್ಪ ಎಷ್ಟು ಹತ್ತಿರವೋ, ಬಸಪ್ಪನಿಗೆ ಬಸಮ್ಮ ಅದಕ್ಕಿಂತ ಹತ್ತಿರ. ಬರೀ ಅಂತರದ ಮಿತಿ ಇಟ್ಟುಕೊಂಡು ಹೊರಟರೆ ಎಷ್ಟು ಇಟ್ಟರೂ ತಪ್ಪೇ.

ಹಾಗಾದರೆ ಏನು ಮಾಡಬೇಕು? ಮೊದಲು ಪಟ್ಟಿ ತೊಳೆಯಬೇಕು. ಇದನ್ನು ಬಿಟ್ಟು ಮುಂದೆ ಹೋದವರೆಲ್ಲ ಹಿಂದಕ್ಕೆ ಬಂದಿದ್ದಾರೆ.

ನಿಮ್ಮ ಹಳೆಯ ಪಟ್ಟಿ ನುಡಿಯ ಹಳೆಯ ಫಾಂಟಿನಲ್ಲಿದ್ದರೆ ಅದು ನಿಜವಾಗಿ ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿದ್ದು. ಪರಿವರ್ತಕ ಬಳಸಿ ಯೂನಿಕೋಡ್‌ಗೆ, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ವ್ಯವಸ್ಥೆಗೆ, ತಿರುಗಿಸಿ. ತಿರುಗಿಸಿದ ಮೇಲೂ ಒತ್ತಕ್ಷರಗಳು ಸರಿಯಾಗಿ ಬಂದಿವೆಯಾ ಅಂತ ಒಂದೆರಡು ಪುಟ ಕಣ್ಣಾಡಿಸಿ.

ಆಮೇಲೆ ಕಣ್ಣಿಗೆ ಕಾಣದ ವ್ಯತ್ಯಾಸಗಳು. ಯೂನಿಕೋಡ್‌ನಲ್ಲಿ ಮೋ ಅನ್ನುವುದನ್ನು ಒಂದು ಗುಣಿತ ಚಿಹ್ನೆಯಲ್ಲೂ ಬರೆಯಬಹುದು, ಎರಡು ಅಥವಾ ಮೂರು ತುಂಡುಗಳನ್ನು ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಒಂದೇ ಥರ ಕಾಣುತ್ತದೆ, ಒಳಗೆ ಬೇರೆ. ಎನ್‌ಎಫ್‌ಸಿ ಅನ್ನುವ ಸಾಮಾನ್ಯೀಕರಣ ಇದನ್ನು ಸರಿಮಾಡುತ್ತದೆ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಕೆಲಸ. ಆದರೆ ಇನ್ನೂ ಎರಡು ಅದಕ್ಕೂ ಸಿಗುವುದಿಲ್ಲ. ಒಂದು, ಕಾಣದ ಜೋಡಕ ಚಿಹ್ನೆಗಳು. ಧರ್ಮಪ್ಪ ಅಂತ ಅರ್ಕಾವತ್ತು ಹಾಕಿ ಬರೆದದ್ದು, ಧರ‍್ಮಪ್ಪ ಅಂತ ರ ಕೆಳಗೆ ಒತ್ತು ಕೊಟ್ಟು ಬರೆದದ್ದು, ಇವುಗಳ ನಡುವೆ ಇಂಥ ಒಂದು ಚಿಹ್ನೆ ಕೂತಿರುತ್ತದೆ. ರಾಜ್‌ಕುಮಾರ್ ಅನ್ನುವಲ್ಲಿ ಜ್ ಮತ್ತು ಕು ಅಂಟಿಕೊಳ್ಳದ ಹಾಗೆ ತಡೆಯುವುದೂ ಇಂಥದ್ದೇ. ಹೋಲಿಸುವ ಪ್ರತಿಯಲ್ಲಿ ಇವನ್ನೆಲ್ಲ ತೆಗೆದುಹಾಕಿ.

ಇನ್ನೊಂದು ಸೊನ್ನೆ. ಇದನ್ನು ನಾನು ಪ್ರತಿ ಪಟ್ಟಿಯಲ್ಲೂ ನೋಡಿದ್ದೇನೆ. ಗಂಗಮ್ಮ ಅಂತ ಟೈಪ್ ಮಾಡುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ, ಗ೦ಗಮ್ಮ ಆಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೂ ವ್ಯತ್ಯಾಸ ಕಾಣುವುದು ಕಷ್ಟ. ಒಮ್ಮೆ ಎರಡು ದಿನ ನನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆ ಅಂತ ಹುಡುಕುತ್ತಾ ಕೂತಿದ್ದೆ. ನಿಂಗಪ್ಪ, ಗಂಗಪ್ಪ, ಸಂಗಮೇಶ, ಸೊನ್ನೆ ಇರುವ ಒಂದು ಹೆಸರೂ ಸೇರುತ್ತಿರಲಿಲ್ಲ. ಕೊನೆಗೆ ಒಂದು ಹೆಸರನ್ನು ತುಂಡು ತುಂಡಾಗಿ ಮುದ್ರಿಸಿ ನೋಡಿದಾಗ ಅಂಕಿ ಸಿಕ್ಕಿತು. ಹೆಸರಿನ ಮಧ್ಯೆ ಕನ್ನಡ ಸೊನ್ನೆ ಅಂಕಿ ಕಂಡರೆ ಅನುಸ್ವಾರ ಮಾಡಿ, ಒಂದೇ ಆದೇಶಕ್ಕೆ ನೂರಾರು ಹೆಸರು ಹೊಂದಿಕೊಳ್ಳುತ್ತವೆ.

ಇಷ್ಟಾದ ಮೇಲೆ ಉಚ್ಚಾರದ ಕೀಲಿ. ಪ್ರತಿ ಹೆಸರಿನ ಪಕ್ಕ ಇನ್ನೊಂದು ಕಾಲಂ ಮಾಡಿ, ಹೆಸರಿನ ಸರಳ ರೂಪವನ್ನು ಅದರಲ್ಲಿ ಇಡಬೇಕು. ಆ ರೂಪ ಓದಲು ಚೆನ್ನಾಗಿರಬೇಕಿಲ್ಲ. ಎರಡೂ ಪಟ್ಟಿಯಲ್ಲಿ ಒಂದೇ ಥರ ಬಂದರೆ ಸಾಕು. ಮೂಲ ಹೆಸರನ್ನು ಮಾತ್ರ ಮುಟ್ಟಬೇಡಿ.

ಮಹಾಪ್ರಾಣಗಳನ್ನೆಲ್ಲ ಅಲ್ಪಪ್ರಾಣ ಮಾಡಿ. ಭೀಮಪ್ಪ, ಬೀಮಪ್ಪ ಒಂದಾಗುತ್ತವೆ. ಶ, ಷ ಎರಡನ್ನೂ ಸ ಮಾಡಿ. ದೀರ್ಘವನ್ನು ಹ್ರಸ್ವ ಮಾಡಿ, ಲಕ್ಷ್ಮಿ ಮತ್ತು ಲಕ್ಷ್ಮೀ ಗಲಾಟೆ ಮುಗಿಯುತ್ತದೆ. ಕೃ, ಕ್ರಿ, ಕ್ರು ಮೂರನ್ನೂ ಒಂದೇ ಮಾಡಿ. ಜ್ಞ, ಗ್ನ, ಗ್ಯ ಹಾಗೇ. ಕೊನೆಯಲ್ಲಿ ಮಂಜುನಾಥ ಇದ್ದರೂ ಮಂಜುನಾಥ್ ಇದ್ದರೂ ಕೊನೆಯ ಸ್ವರ ಬಿಟ್ಟುಬಿಡಿ. ಬಸವಯ್ಯ, ಬಸವೈಯ್ಯ ಥರದ ಅಯ್ ಮತ್ತು ಐ, ಗೌಡ, ಗವ್ಡ ಥರದ ಔ ಮತ್ತು ಅವ್ ಸೇರಿಸಿ. ಸನ್ತೋಷ ಅಂತ ಅರ್ಧ ನ ಇಟ್ಟು ಬರೆದದ್ದನ್ನು ಅನುಸ್ವಾರ ಮಾಡಿ. ಇಂಗ್ಲಿಷ್‌ನಿಂದ ತಿರುಗಿಸಿದ ಪಟ್ಟಿಯಲ್ಲಿ ಇದು ಜಾಸ್ತಿ.

ಹೆಸರಿನ ಮೊದಲ ಅಕ್ಷರಕ್ಕೆ ಬೇರೆ ಲೆಕ್ಕ ಬೇಕು. ವೀರಣ್ಣ ಈರಣ್ಣ ಆಗುವುದು ಅಲ್ಲೇ. ಯಲ್ಲಪ್ಪ ಎಲ್ಲಪ್ಪ ಆಗುವುದು, ವೆಂಕಪ್ಪ ಯಂಕಪ್ಪ ಆಗಿ ಎಂಕಪ್ಪ ಆಗುವುದು, ಒಡೆಯರ್ ವಡೆಯರ್ ಆಗುವುದು, ಹನುಮಂತನ ಹ ಬಿದ್ದು ಅನುಮಂತ ಆಗುವುದು, ಎಲ್ಲ ಅಲ್ಲೇ. ಸೌಂಡೆಕ್ಸ್ ಮೊದಲ ಅಕ್ಷರವನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ, ಆದರೆ ನಮ್ಮ ಹೆಸರುಗಳಲ್ಲಿ ಬೇಗ ಸವೆಯುವುದೇ ಅದು. ಆದ್ದರಿಂದ ಪದದ ಮೊದಲಲ್ಲಿ ಬರುವ ವಿ, ವೀ ಎರಡನ್ನೂ ಇ ಮಾಡಿ. ಯ, ಯೆ, ವೆ ಇದ್ದರೆ ಎ ಮಾಡಿ. ಹ ಬಿಟ್ಟು ಅದರ ಸ್ವರ ಇಟ್ಟುಕೊಳ್ಳಿ. ವಿಜಯ ಇಜಯ ಆಗುತ್ತದಲ್ಲ ಅಂತ ಹೆದರಬೇಡಿ, ಆ ಕಡೆಯ ಪಟ್ಟಿಯಲ್ಲೂ ಇಜಯ ಆಗಿರುತ್ತದೆ. ಇದೇ ಕಾಯಿಲೆ ಇನಿಶಿಯಲ್‌ಗಳಿಗೂ ಇದೆ. ಎಚ್ ಒಂದು ಕಡೆ, ಹೆಚ್ ಇನ್ನೊಂದು ಕಡೆ. ಎಸ್ ಮತ್ತು ಯಸ್, ಎನ್ ಮತ್ತು ಯನ್. ಒಂದು ಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಅವನ್ನು ಬಿಡಿಸಿ ಬೇರೆ ಕಾಲಂಗೆ ಹಾಕಿ.

ಳ ಮತ್ತು ಲ, ಣ ಮತ್ತು ನ ಸೇರಿಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಬರೆದ ಪಟ್ಟಿಗಳಾದರೆ ಬೇಡ ಅನ್ನುತ್ತೇನೆ. ಕಾಳಪ್ಪನನ್ನು ಕಾಲಪ್ಪ ಅಂತ ಬರೆಯುವವರು ನಮ್ಮಲ್ಲಿ ಕಡಿಮೆ. ಆದರೆ ನಿಮ್ಮ ಎರಡನೆಯ ಪಟ್ಟಿ ಇಂಗ್ಲಿಷ್‌ನಿಂದ ಬಂದದ್ದು, ಅಲ್ಲಿ ಈ ಭೇದ ಆಗಲೇ ಅಳಿಸಿಹೋಗಿದೆ. ತ ಮತ್ತು ಟ, ದ ಮತ್ತು ಡ ಕೂಡ ಅಳಿಸಿಹೋಗಿರಬಹುದು. ನಿಮಗೆ ಸೇರಿಸುವುದು ಅನಿವಾರ್ಯ. ತಪ್ಪು ಯಾವ ದಾರಿಯಲ್ಲಿ ಬಂತು ಅಂತ ತಿಳಿದುಕೊಂಡರೆ ಯಾವ ನಿಯಮ ಬೇಕು ಅನ್ನುವುದೂ ಗೊತ್ತಾಗುತ್ತದೆ.

ಇನ್ನು ಬಾಲ. ನನ್ನ ಪ್ರಕಾರ ಕನ್ನಡ ಹೆಸರು ಹೋಲಿಸುವ ಕೆಲಸದ ಅರ್ಧ ಭಾಗ ಇಲ್ಲೇ ಇದೆ. ಅಪ್ಪ, ಅಣ್ಣ, ಅಯ್ಯ, ಅಮ್ಮ, ಅವ್ವ, ಅಕ್ಕ, ಇವನ್ನು ಹೆಸರಿನಿಂದ ಬಿಡಿಸಿ ಪ್ರತ್ಯೇಕ ಇಡಬೇಕು. ಹುಟ್ಟಿದ ಊರಲ್ಲಿ ಯಲ್ಲವ್ವ ಆಗಿದ್ದವರು ದಾಖಲೆಯಲ್ಲಿ ಎಲ್ಲಮ್ಮ ಆಗಿರುತ್ತಾರೆ. ಅವ್ವ ಮತ್ತು ಅಮ್ಮ ನಡುವೆ ಅಂತರ ಇಲ್ಲವೆನ್ನುವಷ್ಟು ಕಡಿಮೆ ಇಡಿ. ಅಪ್ಪ, ಅಣ್ಣ, ಅಯ್ಯ ನಡುವೆ ಸ್ವಲ್ಪ ಇಡಿ. ಆದರೆ ಗಂಡಸಿನ ಬಾಲ, ಹೆಂಗಸಿನ ಬಾಲ ಎದುರುಬದುರಾದರೆ ಬಾಕಿ ಎಷ್ಟೇ ಹೊಂದಿದರೂ ಆ ಜೋಡಿಯನ್ನು ಬಿಟ್ಟುಬಿಡಿ. ಈ ಒಂದು ನಿಯಮ ಬಸಪ್ಪ ಬಸಮ್ಮ ಸಮಸ್ಯೆಯನ್ನು ಪೂರ್ತಿ ಮುಗಿಸುತ್ತದೆ.

ಒಂದು ಜೋಡಿಯನ್ನು ಇಟ್ಟು ನೋಡೋಣ. ಹಳೆಯ ಪಟ್ಟಿಯಲ್ಲಿ ‘ಶ್ರೀಮತಿ ಹೆಚ್. ಯಲ್ಲವ್ವ ಕೋಂ ವೀರಭದ್ರಪ್ಪ’. ಹೊಸದರಲ್ಲಿ ‘ಎಲ್ಲಮ್ಮ ಎಚ್ ಕೋಂ ಈರಬದ್ರಪ್ಪ’. ಶ್ರೀಮತಿ ತೆಗೆಯಿರಿ. ಕೋಂ ಅಂದರೆ ಹೆಂಡತಿ, ಬಿನ್ ಅಂದರೆ ಮಗ, ದಾಖಲೆ ನೋಡುವ ನಿಮಗೆ ಇದು ಗೊತ್ತೇ ಇದೆ. ಅಲ್ಲಿ ಕತ್ತರಿಸಿ ಎರಡು ಹೆಸರು ಮಾಡಿ. ಹೆಚ್ ಎಚ್ ಆಯಿತು. ಯಲ್ಲವ್ವದಲ್ಲಿ ಬಾಲ ಬಿಡಿಸಿದರೆ ಯಲ್ಲ, ಮೊದಲ ಯ ಎ ಆಗಿ ಎಲ್ಲ, ಕೊನೆಯ ಸ್ವರ ಹೋಗಿ ಒತ್ತು ಸರಳವಾದರೆ ಎಲ್. ಎಲ್ಲಮ್ಮನೂ ಎಲ್. ವೀರಭದ್ರ, ಈರಬದ್ರ ಎರಡೂ ಇರಬದ್ರ್. ಇನಿಶಿಯಲ್ ಒಂದೇ, ಹೆಸರು ಒಂದೇ, ಬಾಲ ಹೆಂಗಸಿನದೇ, ಗಂಡನ ಹೆಸರೂ ಒಂದೇ. ಇಂಥ ಜೋಡಿಯನ್ನು ನಂಬಬಹುದು.

ಕೀಲಿ ಹೊಂದದೆ ಉಳಿದವುಗಳಿಗೆ ಈಗ ಲೆವೆನ್‌ಸ್ಟೈನ್ ಬಳಸಿ. ಮೂಲ ಹೆಸರಿಗಲ್ಲ, ಕೀಲಿಗಳ ನಡುವೆ. ಟೈಪಿಂಗ್‌ನಲ್ಲಿ ಒಂದಕ್ಷರ ತಪ್ಪಿದ್ದು ಇಲ್ಲಿ ಸಿಗುತ್ತದೆ. ಉದ್ದ ಹೆಸರಿಗೆ ಅಂತರ 2ರವರೆಗೆ ನೋಡಿ. ಎಲ್, ರಮ್ ಥರದ ಪುಟ್ಟ ಕೀಲಿಗಳಿಗೆ 1 ಕೂಡ ಜಾಸ್ತಿಯೇ, ರಾಮ ಶಾಮ ರಾಜ ಎಲ್ಲ ಒಂದೇ ಗುಡ್ಡೆಗೆ ಬೀಳುತ್ತಾರೆ.

ಎಲ್ಲರನ್ನೂ ಎಲ್ಲರ ಜೊತೆ ಹೋಲಿಸಿದರೆ 4,200 ಗುಣಿಸು 3,900, ಅಂದರೆ 1 ಕೋಟಿ 63 ಲಕ್ಷದ 80 ಸಾವಿರ ಜೋಡಿ. ಕಂಪ್ಯೂಟರ್‌ಗೆ ಇದು ದೊಡ್ಡ ಕೆಲಸವಲ್ಲ. ತೊಂದರೆ ನಿಮಗೆ, ಊರೂರಿನ ಬಸಪ್ಪಂದಿರೆಲ್ಲ ಒಬ್ಬರಿಗೊಬ್ಬರು ಜೋಡಿಯಾಗಿ ಬಂದು ನಿಲ್ಲುತ್ತಾರೆ. ಅದಕ್ಕೇ ಮೊದಲು ಊರಿನ ಹೆಸರುಗಳನ್ನು ಸರಿಮಾಡಿ. ಸಂಘದ ವ್ಯಾಪ್ತಿಯ ಊರುಗಳನ್ನು ಬೆರಳಲ್ಲಿ ಎಣಿಸಬಹುದು, ಅವನ್ನು ಕೈಯಿಂದಲೇ ತಿದ್ದಿ. ಆಮೇಲೆ ಆಯಾ ಊರಿನೊಳಗೆ ಮಾತ್ರ ಹೋಲಿಸಿ. ಊರು ಬದಲಿಸಿದವರನ್ನು ಕೊನೆಗೆ ಪ್ರತ್ಯೇಕ ನೋಡಿದರಾಯಿತು.

ಸಾಧನ ಯಾವುದು ಅಂದರೆ, ನಿಮಗೆ ಓಪನ್‌ರಿಫೈನ್ ಅನ್ನುವ ಪಟ್ಟಿ ತೊಳೆಯುವ ತಂತ್ರಾಂಶ ಸಾಕು. ಉಚಿತ, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಪಟ್ಟಿ ಹೊರಗೆ ಹೋಗುವುದಿಲ್ಲ. ಮೇಲೆ ಹೇಳಿದ ಬದಲಾವಣೆಗಳನ್ನು ಒಂದೊಂದಾಗಿ ರಿಪ್ಲೇಸ್ ಮಾಡಿ ಕೀಲಿಯ ಕಾಲಂ ಮಾಡಬಹುದು. ಗುಂಪು ಮಾಡುವಲ್ಲಿ ನಿಯರೆಸ್ಟ್ ನೇಬರ್, ಲೆವೆನ್‌ಸ್ಟೈನ್ ಆರಿಸಿ. ಅಲ್ಲಿ ಬ್ಲಾಕ್ ಕ್ಯಾರ್ಸ್ (ಎಷ್ಟು ಅಕ್ಷರ ಒಂದೇ ಇದ್ದರೆ ಹೋಲಿಸಬೇಕು) ಅನ್ನುವ ಕಡೆ 6 ಇರುತ್ತದೆ, 2 ಅಥವಾ 3ಕ್ಕೆ ಇಳಿಸಿ. ನಮ್ಮ ಕೀಲಿಗಳು ಪುಟ್ಟವು, 6 ಇದ್ದರೆ ಪರಸ್ಪರ ಹೋಲಿಕೆಗೇ ಬರುವುದಿಲ್ಲ. ಪೈಥಾನ್ ಗೊತ್ತಿರುವವರು ಜೊತೆಗಿದ್ದರೆ ರ‍್ಯಾಪಿಡ್‌ಫಝ್ ಅನ್ನುವ ಲೈಬ್ರರಿ ಇದೆ, ತುಂಬಾ ವೇಗ. ಭಾರತೀಯ ಭಾಷೆಗಳಿಗೆ ಸಂತೋಷ್ ತೊಟ್ಟಿಂಗಲ್ ಅವರು ಮಾಡಿದ ಸೌಂಡೆಕ್ಸ್ ಕೂಡ ಇದೆ. ಯೂನಿಕೋಡ್‌ನಲ್ಲಿ ಕನ್ನಡದ ಕ ಎಷ್ಟನೇ ಮನೆಯಲ್ಲಿದೆಯೋ ತೆಲುಗಿನ ಕ ಕೂಡ ತನ್ನ ಸಾಲಿನ ಅಷ್ಟನೇ ಮನೆಯಲ್ಲಿದೆ, ಆದ್ದರಿಂದ ಲಿಪಿ ಬೇರೆ ಇದ್ದರೂ ಹೋಲಿಸಬಹುದು. ಬಳ್ಳಾರಿ, ಪಾವಗಡದ ಕಡೆಯ ಪಟ್ಟಿಗಳಿಗೆ ಇದು ಬಹಳ ಅನುಕೂಲ. ಎಐಗೆ ಕೊಟ್ಟರೆ ಆಗಲ್ವಾ ಅಂದರೆ, ಸದಸ್ಯರ ಹೆಸರು, ಆಧಾರ್, ಸಾಲದ ವಿವರ ಇರುವ ಪಟ್ಟಿಯನ್ನು ಹೊರಗಿನ ಯಾವ ಸೇವೆಗೂ ಹಾಕಬೇಡಿ. ಯಾಕೆ ಸೇರಿಸಿದಿರಿ ಅಂತ ಒಬ್ಬ ಸದಸ್ಯ ಬಂದು ಕೇಳಿದರೆ ತೋರಿಸಲು ನಿಮ್ಮ ಹತ್ತಿರ ನಿಯಮ ಇರಬೇಕು.

ಒಂದು ಪ್ರಸಂಗ ಹೇಳಲೇಬೇಕು. ಹಿಂದೆ ಒಂದು ಸಂಘದ ಪಟ್ಟಿಗೆ ಕೆಲಸ ಮಾಡುವಾಗ ನಾನು ಅಂತರ 0 ಬಂದವರನ್ನೆಲ್ಲ ಕೇಳದೆ ಸೇರಿಸಿಬಿಟ್ಟೆ. ಹೆಸರು ಒಂದೇ, ಮನೆತನದ ಹೆಸರು ಒಂದೇ, ಊರು ಒಂದೇ, ಇನ್ನೇನು ನೋಡುವುದು ಅಂದುಕೊಂಡೆ. ಅವರಲ್ಲಿ ಒಂದು ಜೋಡಿ ನಿಜಕ್ಕೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಅಣ್ಣ ತಮ್ಮಂದಿರು ತಂತಮ್ಮ ಮಗನಿಗೆ ತೀರಿಹೋದ ತಂದೆಯ ಹೆಸರನ್ನೇ ಇಟ್ಟಿದ್ದರು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಎಲ್ಲ ಕಡೆ ಇದೆ, ನನಗದು ಆಗ ಹೊಳೆಯಲಿಲ್ಲ. ಒಬ್ಬರ ಷೇರು ಇನ್ನೊಬ್ಬರ ಖಾತೆಗೆ ಹೋಗಿ, ಅವರು ಸಾಲ ಕೇಳಲು ಬಂದ ದಿನ ನೀವು ಸದಸ್ಯರೇ ಅಲ್ಲ ಅಂತ ಹೇಳಿ ಕಳಿಸಿದ್ದರು. ಆ ಮನುಷ್ಯ ಎರಡು ಬಸ್ ಬದಲಿಸಿ ಬಂದಿದ್ದರು. ಅವತ್ತಿಂದ ನಾನು ತಂದೆಯ ಹೆಸರೋ, ಸರ್ವೆ ನಂಬರೋ, ಹೆಸರಿನ ಹೊರಗಿನ ಒಂದಾದರೂ ಹೊಂದದೆ ಯಾರನ್ನೂ ಸೇರಿಸುವುದಿಲ್ಲ.

ನೀವು ಎಲ್ಲಿಂದ ಶುರು ಮಾಡಬೇಕು ಅಂದರೆ, ಒಂದು ಊರು ಆರಿಸಿಕೊಳ್ಳಿ, 200 ಹೆಸರು ಸಾಕು. ಆ ಊರು ಚೆನ್ನಾಗಿ ಗೊತ್ತಿರುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಯಿಂದಲೇ ಜೋಡಿ ಮಾಡಿ. ಆಮೇಲೆ ನಿಯಮಗಳನ್ನು ಓಡಿಸಿ, ಎರಡು ಲೆಕ್ಕ ತೆಗೆಯಿರಿ. ಯಂತ್ರ ತಪ್ಪಾಗಿ ಸೇರಿಸಿದ್ದೆಷ್ಟು, ಸೇರಿಸದೆ ಬಿಟ್ಟಿದ್ದೆಷ್ಟು. ಬಿಟ್ಟುಹೋದವು ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ, ಅವನ್ನು ಕೂತು ನೋಡಬಹುದು. ತಪ್ಪಾಗಿ ಸೇರಿದ್ದು ಒಂದಿದ್ದರೂ ಯಾವ ನಿಯಮದಿಂದ ಸೇರಿತು ಅಂತ ಹುಡುಕಿ ಅದನ್ನು ಬಿಗಿ ಮಾಡಿ. ನಿಮ್ಮ ಕಡೆಯ ಉಚ್ಚಾರದಲ್ಲಿ ನಾನು ಇಲ್ಲಿ ಹೇಳದ ಬದಲಾವಣೆಗಳು ಖಂಡಿತ ಸಿಗುತ್ತವೆ. ಊರಿನ ಹೆಸರು, ನಂಬರ್ ಎಲ್ಲ ತೆಗೆದು, ಹೊಂದದೆ ಉಳಿದ ಜೋಡಿಗಳನ್ನಷ್ಟೇ ಬರೆದು ಕಳಿಸಿ, ಅವಕ್ಕೆ ಏನು ನಿಯಮ ಹಾಕಬಹುದು ಅಂತ ನೋಡೋಣ.